ಟೈಮಿಂಗ್ ಬೆಲ್ಟ್ ಸಡಿಲವಾದರೆ ಬಿಗಿ ಮಾಡಿದರೆ ಸಾಕೇ? ಹಳೆಯ ಕಾರಿನ ಬಗ್ಗೆ ಹರಿದಾಡುವ ಸಲಹೆಗಳಲ್ಲಿ ಎಷ್ಟು ನಿಜ?

ಹಳೆಯ ಕಾರು ಇಟ್ಟುಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತಿ ಬರುವ ಸಲಹೆಯೊಂದಿದೆ. ಟೈಮಿಂಗ್ ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿ ನೋಡಿ, ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಸಡಿಲವಾಗಿದೆ ಎಂದರ್ಥ, ಮನೆಯಲ್ಲೇ ಬಿಗಿ ಮಾಡಿಕೊಳ್ಳಿ, ಹೊಸ ಬೆಲ್ಟಿನ ಖರ್ಚು ಉಳಿಯುತ್ತದೆ ಎನ್ನುವುದು ಅದರ ಸಾರ. ಜೊತೆಗೆ ಬೆಲ್ಟ್ ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು, ಕೂಗಿದರೆ ಸೋಪು ಹಚ್ಚಿ, ಫೋನಿನ ಆ್ಯಪ್‌ನಲ್ಲೇ ಬಿಗಿತ ಅಳೆಯಿರಿ ಎಂಬ ಮಾತುಗಳೂ ಸೇರಿಕೊಳ್ಳುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ವಿಷಯ ಬರೀ ಕುತೂಹಲದ್ದಲ್ಲ. ತೋಟದ ಮನೆಗಳ ಅಂಗಳದಲ್ಲಿ ಮಾರುತಿ 800, ಓಮ್ನಿ, ಜಿಪ್ಸಿ ಇನ್ನೂ ದುಡಿಯುತ್ತಿವೆ. ಕುಮಟಾಕ್ಕೆ ಇಳಿಯಲು ದೇವಿಮನೆ ಘಟ್ಟ, ಅಂಕೋಲಾಕ್ಕೆ ಇಳಿಯಲು ಅರಬೈಲು ಘಟ್ಟ ದಾಟಬೇಕು. ಮಳೆಗಾಲದ ರಾತ್ರಿ ಫೋನಿಗೆ ಸಿಗ್ನಲ್ ಸಿಗದ ತಿರುವಿನಲ್ಲಿ ಎಂಜಿನ್ ನಿಂತರೆ ಏನಾಗುತ್ತದೆ ಎಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ.

ಚಿಕ್ಕ ಉತ್ತರ: ಬೆರಳಿನ ಪರೀಕ್ಷೆ ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆ ಬಗೆಯ ಕಾರುಗಳ ಮಾತು. ನಮ್ಮ ರಸ್ತೆಯ ಹೆಚ್ಚಿನ ಹಳೆಯ ಕಾರುಗಳಲ್ಲಿ ಟೈಮಿಂಗ್ ಬೆಲ್ಟಿನ ಬಿಗಿತ ಕೈ ಅಂದಾಜಿನಿಂದ ಇಡುವಂಥದ್ದಲ್ಲ. ಓಡಿ ಹಳೆಯದಾದ ಬೆಲ್ಟ್ ಸಡಿಲವಾಗಿದ್ದರೆ ಅದು ರೋಗವಲ್ಲ, ರೋಗದ ಲಕ್ಷಣ. ಬಿಗಿ ಮಾಡಿದರೆ ಲಕ್ಷಣ ಮುಚ್ಚಿಹೋಗುತ್ತದೆ, ರೋಗ ಉಳಿಯುತ್ತದೆ.

ಈ ಬೆಲ್ಟಿನ ಕೆಲಸ ಏನು?

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್ ಇದೆ. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಿ ಅದನ್ನು ತಿರುಗಿಸುತ್ತವೆ. ಮೇಲೆ ಕ್ಯಾಮ್ ಶಾಫ್ಟ್ ಇದೆ. ಗಾಳಿ ಮತ್ತು ಇಂಧನ ಒಳಬರುವ, ಹೊಗೆ ಹೊರಹೋಗುವ ವಾಲ್ವ್‌ಗಳನ್ನು ಅದು ತೆರೆದು ಮುಚ್ಚುತ್ತದೆ. ಇವೆರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವುದು ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಕೆಳಗಿಳಿಯುವ ಜಾಗಕ್ಕೇ ಸ್ವಲ್ಪ ಹೊತ್ತಿನ ನಂತರ ಪಿಸ್ಟನ್ ಏರಿ ಬರುತ್ತದೆ. ತಾಳ ಸರಿಯಿದ್ದರೆ ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ. ಬೆಲ್ಟ್ ತುಂಡಾದರೆ ಅಥವಾ ಕೆಲವು ಹಲ್ಲು ಜಾರಿದರೆ ಎರಡೂ ಡಿಕ್ಕಿಯಾಗುತ್ತವೆ. ಗ್ಯಾರೇಜಿನವರು "ವಾಲ್ವ್ ಬೆಂಡ್ ಆಗಿದೆ, ಹೆಡ್ ಇಳಿಸಬೇಕು" ಎನ್ನುವುದು ಆಗಲೇ. ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್‌ಗೂ ಪಿಸ್ಟನ್‌ಗೂ ಸಾಕಷ್ಟು ಅಂತರ ಇರುವುದರಿಂದ ಬೆಲ್ಟ್ ತುಂಡಾದರೂ ಬರೀ ಎಂಜಿನ್ ನಿಲ್ಲುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಆ ಅಂತರ ತೀರಾ ಕಡಿಮೆ.

ಒಂದು ಹಲ್ಲು ಜಾರುವುದೆಂದರೆ ಎಷ್ಟು? ಕ್ರ್ಯಾಂಕಿನ ಚಕ್ರದಲ್ಲಿ 20 ಹಲ್ಲುಗಳಿವೆ ಎಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿದಂತೆ. ಗಾಡಿ ಓಡಬಹುದು, ಆದರೆ ಘಟ್ಟ ಹತ್ತುವಾಗ ದಮ್ಮು ಇರುವುದಿಲ್ಲ, ಮೈಲೇಜ್ ಬೀಳುತ್ತದೆ.

ಗಿರಣಿ ಬೆಲ್ಟಿನ ಬುದ್ಧಿ ಇಲ್ಲಿ ಯಾಕೆ ನಡೆಯುವುದಿಲ್ಲ?

ಬೆಲ್ಟ್ ಸಡಿಲವಾದರೆ ಬಿಗಿ ಮಾಡಬೇಕು ಎಂಬುದು ನಮ್ಮ ಊರುಗಳಲ್ಲಿ ಅನುಭವದಿಂದ ಬಂದ ತಿಳಿವಳಿಕೆ. ಹಿಟ್ಟಿನ ಗಿರಣಿ, ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರ, ಎಲ್ಲದರಲ್ಲೂ ಮೋಟಾರನ್ನು ಸ್ವಲ್ಪ ಹಿಂದೆ ಸರಿಸಿ ಬೋಲ್ಟ್ ಬಿಗಿದರೆ ಬೆಲ್ಟ್ ಮತ್ತೆ ಎಳೆಯುತ್ತದೆ. ಅಲ್ಲಿ ಆ ಮಾತು ಸರಿ. ಯಾಕೆಂದರೆ ಆ ಚಪ್ಪಟೆ ಬೆಲ್ಟ್ ಮತ್ತು ವಿ-ಬೆಲ್ಟ್‌ಗಳು ಕೆಲಸ ಮಾಡುವುದು ಉಜ್ಜಾಟದ ಹಿಡಿತದಿಂದ. ಬಿಗಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಸ್ವಲ್ಪ ಜಾರಿದರೂ ಹಿಟ್ಟು ಬೀಸುವುದು ತಡವಾಗುತ್ತದೆ, ಅಷ್ಟೇ.

ಟೈಮಿಂಗ್ ಬೆಲ್ಟ್ ಹಾಗಲ್ಲ. ಅದರ ಒಳಮೈಯಲ್ಲಿ ಹಲ್ಲುಗಳಿವೆ. ಅವು ಚಕ್ರದ ಹಲ್ಲುಗಳ ನಡುವೆ ಕೂತು ಎಳೆಯುತ್ತವೆ. ಈ ಹಲ್ಲಿನ ಬೆಲ್ಟ್ ಮೊದಲು ಬಂದದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ. ಸೂಜಿ ಇಳಿಯುವುದೂ ಕೆಳಗಿನ ದಾರ ಸುತ್ತುವುದೂ ಹೊಂದಿಕೊಂಡೇ ನಡೆಯಬೇಕಲ್ಲ? 1960ರ ದಶಕದಲ್ಲಿ ಜರ್ಮನಿಯ ಗ್ಲಾಸ್, ಇಟಲಿಯ ಫಿಯಟ್ ಕಂಪನಿಗಳು ಅದನ್ನು ಕಾರಿನ ಎಂಜಿನ್‌ಗೆ ತಂದವು.

ಇಲ್ಲಿ ಬಿಗಿತಕ್ಕೆ ಇರುವ ಕೆಲಸ ಒಂದೇ: ಹಲ್ಲು ತನ್ನ ಜಾಗದಿಂದ ಮೇಲೆದ್ದು ಪಕ್ಕದ ಹಲ್ಲಿಗೆ ಹಾರದಂತೆ ನೋಡಿಕೊಳ್ಳುವುದು. ಅದಕ್ಕೆ ಬೇಕಾದಷ್ಟು ಬಿಗಿ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿನ ಬಿಗಿ ಹಿಡಿತವನ್ನೇನೂ ಕೊಡುವುದಿಲ್ಲ. ಬೇರಿಂಗ್ ಮೇಲೆ ಭಾರ ಹಾಕುತ್ತದೆ. ಜಾರುವ ಗಿರಣಿ ಬೆಲ್ಟಿಗೆ ರಾಳದ ಪುಡಿ ಹಾಕುವ ರೂಢಿಯನ್ನೂ ಇಲ್ಲಿಗೆ ತರಬಾರದು. ಟೈಮಿಂಗ್ ಬೆಲ್ಟಿಗೆ ರಾಳ, ಸೋಪು, ಎಣ್ಣೆ, ಸ್ಪ್ರೇ ಯಾವುದೂ ಬೇಡ.

ಮಳೆಯಲ್ಲಿ ಕೂಗುವುದು ಯಾವ ಬೆಲ್ಟ್?

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ಮಳೆಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ "ಕೀಂಯ್" ಎಂದು ಕೂಗುತ್ತದಲ್ಲ, ಅದು ಸಾಮಾನ್ಯವಾಗಿ ಟೈಮಿಂಗ್ ಬೆಲ್ಟ್ ಅಲ್ಲ. ನಾವು ಫ್ಯಾನ್ ಬೆಲ್ಟ್ ಎನ್ನುವ, ಹೊರಗಡೆ ಕಾಣುವ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್. ಅದು ಉಜ್ಜಾಟದಿಂದ ಎಳೆಯುವ ಬೆಲ್ಟ್. ತೇವ ತಾಗಿದಾಗ ಜಾರುತ್ತದೆ, ಕೂಗುತ್ತದೆ. ಹಳೆಯ ಕಾರುಗಳಲ್ಲಿ ಆಲ್ಟರ್ನೇಟರನ್ನು ಸರಿಸಿ ಅದನ್ನು ಬಿಗಿ ಮಾಡುತ್ತಾರೆ. ಹೆಬ್ಬೆರಳಿನಿಂದ ಒತ್ತಿ ಎಷ್ಟು ಬಗ್ಗುತ್ತದೆ ಎಂದು ನೋಡುವ ಪದ್ಧತಿ ಅದಕ್ಕೆ ಸಲ್ಲುತ್ತದೆ.

ಟೈಮಿಂಗ್ ಬೆಲ್ಟ್ ಎಂಜಿನ್ನಿನ ಪಕ್ಕದಲ್ಲಿ ಕವರ್ ಒಳಗೆ ಅಡಗಿರುತ್ತದೆ. ಬಾನೆಟ್ ಎತ್ತಿದ ಕೂಡಲೇ ಕೈಗೆ ಸಿಗುವ ಬೆಲ್ಟ್ ಅದಲ್ಲ. ಆದ್ದರಿಂದ ಬೆಲ್ಟ್ ಬಿಗಿ ಮಾಡಿ ಎನ್ನುವ ವಿಡಿಯೊ ಬಂದರೆ ಮೊದಲು ನೋಡಬೇಕಾದ್ದು ಯಾವ ಬೆಲ್ಟಿನ ಬಗ್ಗೆ ಹೇಳುತ್ತಿದ್ದಾರೆ ಎಂಬುದನ್ನು. ಫ್ಯಾನ್ ಬೆಲ್ಟ್ ತುಂಡಾದರೆ ಬ್ಯಾಟರಿ ಲೈಟ್ ಹತ್ತುತ್ತದೆ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಬಿಸಿಯೇರುತ್ತದೆ. ಟೈಮಿಂಗ್ ಬೆಲ್ಟ್ ತುಂಡಾದರೆ ಎಂಜಿನ್ ಆ ಕ್ಷಣಕ್ಕೇ ನಿಲ್ಲುತ್ತದೆ.

ಎರಡು ಬೆರಳಿನ ಪರೀಕ್ಷೆ ಬಂದದ್ದು ಎಲ್ಲಿಂದ?

ಇದು ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮನೆಯಲ್ಲೇ ದುರಸ್ತಿ ಮಾಡುವವರ ಲೋಕದಲ್ಲಿ ಬಹಳ ಕಾಲದಿಂದ ಇರುವ ಮಾತು. ಜರ್ಮನಿಯ ಪೋರ್ಷೆ 944 ಒಳ್ಳೆಯ ಉದಾಹರಣೆ. 1982ರಿಂದ 1991ರವರೆಗೆ ತಯಾರಾದ ಈ ಕಾರಿನಲ್ಲಿ ಟೈಮಿಂಗ್ ಬೆಲ್ಟ್ ಅಲ್ಲದೆ ಎಂಜಿನ್ನಿನ ನಡುಕ ತಗ್ಗಿಸುವ ಶಾಫ್ಟ್‌ಗಳಿಗೆ ಇನ್ನೊಂದು ಬೆಲ್ಟ್ ಕೂಡ ಇದೆ. ಬೆಲ್ಟ್ ತುಂಡಾದರೆ ವಾಲ್ವ್ ಬಾಗುವ ಎಂಜಿನ್ ಅದು. ಮೊದಲ ವರ್ಷಗಳ ಕಾರುಗಳಲ್ಲಿ ಟೈಮಿಂಗ್ ಬೆಲ್ಟಿನ ಬಿಗಿತವನ್ನು ಮೆಕ್ಯಾನಿಕ್ಕೇ ಕೈಯಾರೆ ಹೊಂದಿಸಬೇಕಿತ್ತು. ಅದಕ್ಕಾಗಿ ಪೋರ್ಷೆಯೇ ಪಿ 9201 ಎಂಬ ಅಳತೆಯ ಉಪಕರಣ ಕೊಟ್ಟಿತ್ತು. 1987ರ ಮಾದರಿಯಿಂದ ಸ್ಪ್ರಿಂಗ್ ಇರುವ ಟೆನ್ಷನರ್ ಬಂತು.

ಆ ಉಪಕರಣ ದುಬಾರಿ. ಅದಿಲ್ಲದವರು ಬೆಲ್ಟಿನ ಉದ್ದನೆಯ ಭಾಗದ ನಡುವೆ ಹಿಡಿದು ಕಾಲು ಸುತ್ತು ತಿರುಚಿ ನೋಡುವ ಅಂದಾಜಿನ ಪದ್ಧತಿ ರೂಢಿಸಿಕೊಂಡರು. ಹೊಸ ಬೆಲ್ಟ್ ಹಾಕಿ ಕೆಲವು ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಬೇಕು ಎಂಬ ಸಲಹೆಯೂ ಅಂಥ ಕಾರುಗಳದ್ದೇ. ಹೊಸ ಬೆಲ್ಟ್ ಚಕ್ರಗಳ ಮೇಲೆ ಹೊಂದಿಕೊಂಡು ಕೂರುವಾಗ ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿ ಮತ್ತೆ ಬಿಗಿ ಮಾಡುವುದು ಸರಿಯಾದ ಕೆಲಸವೇ.

ಗಮನಿಸಿ: ಅಲ್ಲಿ ಹೊಂದಿಸುವುದು ಹೊಸ ಬೆಲ್ಟನ್ನು, ಒಂದು ನಿರ್ದಿಷ್ಟ ಎಂಜಿನ್ನಿನಲ್ಲಿ, ತಣ್ಣಗಿರುವಾಗ. ಸಲಹೆ ಫಾರ್ವರ್ಡ್ ಆಗುತ್ತಾ ಬಂದಂತೆ ಕಾರಿನ ಹೆಸರು ಬಿತ್ತು, ಹೊಸ ಬೆಲ್ಟ್ ಎಂಬ ಮಾತು ಬಿತ್ತು, ತಣ್ಣಗಿರಬೇಕು ಎಂಬುದೂ ಬಿತ್ತು. ಬಿಗಿ ಮಾಡಿ ಎಂಬುದಷ್ಟೇ ಉಳಿಯಿತು.

ಇನ್ನೊಂದು ಅಪಾಯವೂ ಇದೆ. ಟೈಮಿಂಗ್ ಬೆಲ್ಟಿನ ಒಳಗೆ ಸಾಮಾನ್ಯವಾಗಿ ಗಾಜಿನ ನಾರಿನ ಎಳೆಗಳಿರುತ್ತವೆ. ಅವು ಎಳೆತಕ್ಕೆ ಗಟ್ಟಿ, ಮಡಿಕೆಗೆ ಸೂಕ್ಷ್ಮ. ಬೆಲ್ಟನ್ನು ಜೋರಾಗಿ ತಿರುಚಿದರೆ, ಹಿಂದುಮುಂದಾಗಿ ಮಡಚಿದರೆ ಎಳೆಗಳು ಒಳಗೊಳಗೇ ಮುರಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ.

ನಮ್ಮ ಕಡೆಯ ಕಾರುಗಳಲ್ಲಿ ಬಿಗಿತ ಇಡುವುದು ಯಾರು?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಇರಲಿಲ್ಲ, ಚೈನ್ ಇತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಬೆಲ್ಟನ್ನು ನಮ್ಮ ಮನೆ ಮನೆಗೂ ತಂದಿತು. ಓಮ್ನಿ, ಜಿಪ್ಸಿ, ಹಳೆಯ ಜೆನ್, ಎಸ್ಟೀಮ್‌ಗಳಲ್ಲೂ ಬೆಲ್ಟ್. ನಮ್ಮ ದೇಶದ ರ್‍ಯಾಲಿಗಳಲ್ಲಿ ಧೂಳೆಬ್ಬಿಸಿದ ಎಸ್ಟೀಮ್, ಜಿಪ್ಸಿಗಳನ್ನು ನಮ್ಮ ಪಾಲಿನ ಹಳೆಯ ಸ್ಪೋರ್ಟ್ಸ್ ಕಾರುಗಳು ಎಂದರೂ ತಪ್ಪಿಲ್ಲ. ಟಾಟಾ ಇಂಡಿಕಾದ ಹಳೆಯ 1.4 ಡೀಸೆಲ್, ಟೊಯೋಟಾ ಕ್ವಾಲಿಸ್ ಮತ್ತು ಮೊದಲ ತಲೆಮಾರಿನ ಇನ್ನೋವಾ ಡೀಸೆಲ್, ಹಳೆಯ ಸ್ಯಾಂಟ್ರೊಗಳಲ್ಲೂ ಬೆಲ್ಟೇ ಇದೆ.

ಮಾರುತಿಯ ಈ ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಬೆಲ್ಟ್ ಹಾಕುವ ಕ್ರಮ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಟೆನ್ಷನರ್ ಎಂಬ ಉರುಳುವ ಚಕ್ರಕ್ಕೆ ಒಂದು ಸ್ಪ್ರಿಂಗ್ ಕಟ್ಟಿರುತ್ತದೆ. ಮೆಕ್ಯಾನಿಕ್ ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಮಾರ್ಕ್ ಕೂಡಿಸಿ, ಬೆಲ್ಟ್ ಏರಿಸಿ, ಟೆನ್ಷನರ್ ಬೋಲ್ಟ್ ಸಡಿಲವಾಗಿಯೇ ಬಿಡುತ್ತಾರೆ. ಸ್ಪ್ರಿಂಗ್ ತನ್ನಷ್ಟಕ್ಕೆ ಬೆಲ್ಟನ್ನು ಎಳೆದು ಹಿಡಿಯುತ್ತದೆ. ಆಮೇಲೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಎರಡು ಸುತ್ತು ತಿರುಗಿಸಿ, ಸಡಿಲವೆಲ್ಲ ಟೆನ್ಷನರ್ ಕಡೆಗೆ ಬಂದ ಮೇಲೆ ಬೋಲ್ಟ್ ಬಿಗಿಯುತ್ತಾರೆ. ಮಾರ್ಕ್ ಇನ್ನೂ ಕೂಡಿದೆಯೇ ಎಂದು ಮತ್ತೆ ನೋಡುತ್ತಾರೆ.

ಅಂದರೆ ಎಷ್ಟು ಬಿಗಿ ಬೇಕು ಎಂದು ನಿರ್ಧರಿಸಿದ್ದು ಆ ಸ್ಪ್ರಿಂಗ್, ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್. ಬೋಲ್ಟಿನ ಕೆಲಸ ಆ ಜಾಗವನ್ನು ಹಿಡಿದಿಡುವುದು ಮಾತ್ರ. ಸ್ಕ್ರೂಡ್ರೈವರ್ ಹಾಕಿ ಟೆನ್ಷನರನ್ನು ಇನ್ನಷ್ಟು ಒತ್ತಿ ಬಿಗಿದರೆ ಅದು ಹೊಂದಾಣಿಕೆ ಅಲ್ಲ, ಅಳತೆ ತಪ್ಪಿಸುವುದು.

ಹಾಗಾದರೆ ಸಡಿಲವಾಗುವುದು ಯಾಕೆ?

ಗಾಜಿನ ನಾರಿನ ಎಳೆ ಇರುವ ಬೆಲ್ಟ್ ರಬ್ಬರ್ ಬ್ಯಾಂಡಿನ ಹಾಗೆ ಉದ್ದವಾಗುತ್ತಾ ಹೋಗುವುದಿಲ್ಲ. ವರ್ಷಗಟ್ಟಲೆ ಓಡಿದ ಬೆಲ್ಟ್ ಸಡಿಲ ಕಂಡರೆ ಕಾರಣ ಬೇರೆ ಕಡೆ ಹುಡುಕಬೇಕು. ಟೆನ್ಷನರಿನ ಬೇರಿಂಗ್ ಸವೆದಿರಬಹುದು. ಸ್ಪ್ರಿಂಗ್ ಸೋತಿರಬಹುದು ಅಥವಾ ಬೋಲ್ಟ್ ಜರುಗಿರಬಹುದು. ಬೆಲ್ಟಿನ ಹಲ್ಲುಗಳ ಬುಡ ಸವೆದಿರಬಹುದು. ಎಂಜಿನ್ನಿನ ಮುಂದಿನ ಆಯಿಲ್ ಸೀಲ್ ಸೋರಿ ಎಣ್ಣೆ ಬೆಲ್ಟಿಗೆ ತಾಗುತ್ತಿರಬಹುದು. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಟೈಮಿಂಗ್ ಬೆಲ್ಟೇ ನೀರಿನ ಪಂಪನ್ನು ತಿರುಗಿಸುವ ಎಂಜಿನ್ ಆಗಿದ್ದರೆ ಆ ಪಂಪಿನ ಬೇರಿಂಗ್ ಅಲುಗಾಡುತ್ತಿರಬಹುದು.

ಇವುಗಳಲ್ಲಿ ಒಂದೂ ಬಿಗಿ ಮಾಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಸವೆದ ಬೇರಿಂಗ್ ಮೇಲೆ ಇನ್ನಷ್ಟು ಭಾರ ಬಿದ್ದು ಬೇಗ ಸೀಜ್ ಆಗುತ್ತದೆ. ಬೆಲ್ಟ್ ಚೆನ್ನಾಗಿದ್ದೂ ಬೇರಿಂಗ್ ಕಚ್ಚಿಕೊಂಡು ಬೆಲ್ಟ್ ಹರಿಯುವುದುಂಟು.

ಮಲೆನಾಡಿನಲ್ಲಿ ಇನ್ನೊಂದು ಸಂಗತಿ ನೋಡಿಕೊಳ್ಳಬೇಕು. ಬೆಲ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ, ಅದರ ಬೋಲ್ಟ್ ಕಳೆದುಹೋಗಿದ್ದರೆ, ಕಚ್ಚಾರಸ್ತೆಯ ಕೆಸರು, ಜಂಬಿಟ್ಟಿಗೆ ಮಣ್ಣು, ಸಣ್ಣ ಕಲ್ಲು ಒಳಸೇರುತ್ತವೆ. ಬೆಲ್ಟಿಗೂ ಚಕ್ರಕ್ಕೂ ನಡುವೆ ಸಿಕ್ಕ ಕಲ್ಲು ಹಲ್ಲನ್ನು ಕೀಳಬಲ್ಲದು. ಕೊಟ್ಟಿಗೆಯ ಪಕ್ಕ ವಾರಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ತೆಗೆಸಬೇಕು.

ಜಾಸ್ತಿ ಬಿಗಿಯಾದರೆ ಏನು ನಷ್ಟ?

ಎಂಜಿನ್ ಬಿಸಿಯಾದಾಗ ಲೋಹ ಹಿಗ್ಗುತ್ತದೆ. ಕ್ರ್ಯಾಂಕಿಗೂ ಕ್ಯಾಮ್‌ಗೂ ನಡುವೆ 300 ಮಿಲಿಮೀಟರ್ ಅಂತರವಿದ್ದು ಅದೆಲ್ಲ ಅಲ್ಯೂಮಿನಿಯಂ ಆಗಿದ್ದರೆ, ಉಷ್ಣತೆ 70 ಡಿಗ್ರಿ ಏರಿದಾಗ ಆ ಅಂತರ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚುತ್ತದೆ. ಬೆಲ್ಟ್ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ತಣ್ಣಗಿದ್ದಾಗ ಸರಿಯಿದ್ದ ಬೆಲ್ಟ್ ಓಡುವಾಗ ಇನ್ನಷ್ಟು ಬಿಗಿಯಾಗುತ್ತದೆ. ಕಂಪನಿ ಹೇಳುವ ಅಳತೆಯಲ್ಲಿ ಈ ಲೆಕ್ಕ ಸೇರಿರುತ್ತದೆ. ತಣ್ಣಗಿರುವಾಗಲೇ ತಂತಿಯ ಹಾಗೆ ಬಿಗಿದರೆ ಬಿಸಿಯಾದಾಗ ಬೆಲ್ಟ್ ಗುಂಯ್‌ಗುಡುತ್ತದೆ, ಟೆನ್ಷನರ್ ಬೇರಿಂಗ್ ಬೇಗ ಹೋಗುತ್ತದೆ. ಬಿಸಿ ಎಂಜಿನ್ನಿನಲ್ಲಿ ಬಿಗಿ ಇಟ್ಟರೆ ತಣ್ಣಗಾದಾಗ ಸಡಿಲವಾಗಿ, ಬೆಳಗಿನ ಮೊದಲ ಸ್ಟಾರ್ಟಿನಲ್ಲೇ ಹಲ್ಲು ಹಾರಬಹುದು.

ಫೋನಿನ ಆ್ಯಪ್‌ನಲ್ಲಿ ಬಿಗಿತ ಅಳೆಯಬಹುದೇ?

ಇದು ಸುಳ್ಳಲ್ಲ. ಯಕ್ಷಗಾನದ ಮದ್ದಳೆಗಾರರು ಬಾರು ಬಿಗಿದು ಶ್ರುತಿ ಏರಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಿಗಿದ ಬೆಲ್ಟನ್ನು ಬೆರಳಲ್ಲಿ ಮೀಟಿದರೆ ಅದಕ್ಕೊಂದು ಸ್ವರವಿದೆ. ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ. ಆ ಕಂಪನವನ್ನು ಅಳೆದು ಬಿಗಿತ ಲೆಕ್ಕ ಹಾಕುವ ಉಪಕರಣಗಳು ಕಾರ್ಖಾನೆಗಳಲ್ಲಿವೆ. ಇಟಲಿಯ ಡುಕಾಟಿ ಬೈಕುಗಳ ಬೆಲ್ಟನ್ನು ಹೀಗೆ ಪರೀಕ್ಷಿಸುತ್ತಾರೆ. ಫೋನಿನ ಮೈಕ್ ಕೂಡ ಆ ಸದ್ದನ್ನು ಹಿಡಿಯಬಲ್ಲದು.

ಆದರೆ ಸಿಕ್ಕಿದ ಅಂಕಿಗೆ ಅರ್ಥ ಬರಬೇಕಾದರೆ ಹೋಲಿಸಲು ಕಂಪನಿ ಕೊಟ್ಟ ಅಂಕಿ ಬೇಕು. ಸ್ವರ ನಿರ್ಧಾರವಾಗುವುದು ಬಿಗಿತದಿಂದ ಮಾತ್ರವಲ್ಲ. ಎರಡು ಚಕ್ರಗಳ ನಡುವಿನ ಬೆಲ್ಟಿನ ಉದ್ದ, ಬೆಲ್ಟಿನ ತೂಕದಿಂದಲೂ. ಒಂದೇ ಬಿಗಿತದಲ್ಲಿ ಉದ್ದ ಎರಡು ಪಟ್ಟಾದರೆ ಸ್ವರದ ಕಂಪನ ಅರ್ಧಕ್ಕಿಳಿಯುತ್ತದೆ. ಅಳತೆಯ ಸಣ್ಣ ತಪ್ಪೂ ಲೆಕ್ಕದಲ್ಲಿ ದೊಡ್ಡದಾಗುತ್ತದೆ: ಸೆಕೆಂಡಿಗೆ 100 ಇರಬೇಕಾದ ಕಂಪನ 110 ಎಂದು ಓದಿದರೆ ಬಿಗಿತದಲ್ಲಿ 21% ವ್ಯತ್ಯಾಸ ಬಂದಂತೆ. ಇಟಲಿಯ ಬೈಕಿನ ಅಂಕಿಯನ್ನು ಓಮ್ನಿಗೆ ಹಚ್ಚಿದರೆ ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಓದಿದ ಹಾಗೆ.

ಕಿಲೋಮೀಟರ್ ನೋಡಬೇಕೋ, ವರ್ಷ ನೋಡಬೇಕೋ?

ಎರಡೂ. ಗಾಡಿಯ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದಿದ್ದರೆ ಹಾಗೇ ಪಾಲಿಸಬೇಕು. ಎಂಜಿನ್ನಿಂದ ಎಂಜಿನ್ನಿಗೆ ಈ ಅಂಕಿ ಬೇರೆ. ನಿಂತಲ್ಲೇ ನಿಂತ ಗಾಡಿಯಲ್ಲೂ ರಬ್ಬರ್ ಗಟ್ಟಿಯಾಗುತ್ತದೆ. ವರ್ಷಕ್ಕೆ ನಾಲ್ಕು ಮದುವೆ, ಎರಡು ಸಲ ಆಸ್ಪತ್ರೆ ಎಂದು ಹೊರಡುವ ಕಾರಿಗೆ ಕಿಲೋಮೀಟರ್ ಆಗಿಲ್ಲ ಎಂಬ ಸಮಾಧಾನ ಸಾಲದು. ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಕಟ್ಟಕಡೆಯ 800ಕ್ಕೂ ಈಗ ಹತ್ತು ವರ್ಷ ದಾಟಿದೆ.

ಘಟ್ಟದ ಓಡಾಟಕ್ಕೆ ಇನ್ನೊಂದು ಲೆಕ್ಕವಿದೆ. ಬಯಲಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಒಂದು ಕಿಲೋಮೀಟರಿಗೆ 3000 ಸುತ್ತು ಆಯಿತು. ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಅದೇ 3000 ಸುತ್ತಿಗೆ 20 ಕಿಲೋಮೀಟರ್ ವೇಗ ಸಿಕ್ಕರೆ ಒಂದು ಕಿಲೋಮೀಟರಿಗೆ 9000 ಸುತ್ತು. ಮೀಟರಿನಲ್ಲಿ ಒಂದೇ ಕಿಲೋಮೀಟರ್, ಬೆಲ್ಟಿನ ದುಡಿಮೆ ಮೂರು ಪಟ್ಟು. ಸದಾ ಘಟ್ಟ ಹತ್ತಿಳಿಯುವ ಗಾಡಿಯ ಬೆಲ್ಟನ್ನು ಅವಧಿಗಿಂತ ಸ್ವಲ್ಪ ಮೊದಲೇ ಬದಲಿಸುವುದು ಜಾಣತನ.

ಬಿರುಕು ಕಾಣುತ್ತಿಲ್ಲ, ಹಾಗಾಗಿ ಬೆಲ್ಟ್ ಚೆನ್ನಾಗಿದೆ ಎಂಬ ವಾದವೂ ಸರಿಯಲ್ಲ. ಈಗಿನ ಒಳ್ಳೆಯ ರಬ್ಬರಿನ ಬೆಲ್ಟ್‌ಗಳು ಹೊರಗೆ ಬಿರುಕಿಲ್ಲದೆಯೇ ಒಳಗಿನ ಎಳೆ ಸೋತು ತುಂಡಾಗಬಲ್ಲವು.

ದಾರಿಯಲ್ಲಿ ಎಂಜಿನ್ ತಟ್ಟನೆ ನಿಂತರೆ

ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿ.

ಘಟ್ಟ ಇಳಿಯುವಾಗ ಎಂಜಿನ್ ನಿಂತರೆ ಕೀಯನ್ನು ಹೊರತೆಗೆಯಬೇಡಿ. ಸ್ಟೀರಿಂಗ್ ಲಾಕ್ ಆಗಬಹುದು. ಪವರ್ ಬ್ರೇಕ್ ಇರುವ ಗಾಡಿಗಳಲ್ಲಿ ಉಳಿದಿರುವ ಒತ್ತಡ ಒಂದೆರಡು ಸಲ ಒತ್ತುವಷ್ಟು ಮಾತ್ರ. ಪೆಡಲನ್ನು ಪದೇ ಪದೇ ತುಳಿಯದೆ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು, ಹ್ಯಾಂಡ್ ಬ್ರೇಕನ್ನೂ ನಿಧಾನವಾಗಿ ಎಳೆದು ಎಡಕ್ಕೆ ನಿಲ್ಲಿಸಿ. ಆಮೇಲೆ ಪೆಡಲ್ ಗಟ್ಟಿಯಾದರೂ ಬ್ರೇಕ್ ಹೋಗಿರುವುದಿಲ್ಲ, ಹೆಚ್ಚು ಬಲ ಬೇಕು ಅಷ್ಟೇ. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡಿ, ನಾಲ್ಕೂ ಇಂಡಿಕೇಟರ್ ಹಾಕಿ.

ಮುಂದಿನದು ಇನ್ನೂ ಮುಖ್ಯ. ಮಲೆನಾಡಿನಲ್ಲಿ ಇಳಿಜಾರು ಸಿಕ್ಕರೆ ಸಾಕು, ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವುದು ನಮ್ಮ ಅಭ್ಯಾಸ. ಬ್ಯಾಟರಿ ಇಳಿದಿದ್ದರೆ ಅದು ಸರಿ. ಆದರೆ ಓಡುತ್ತಿದ್ದ ಎಂಜಿನ್ ಮುನ್ಸೂಚನೆಯಿಲ್ಲದೆ ತಟ್ಟನೆ ನಿಂತಿದ್ದರೆ, ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಗೊತ್ತಿಲ್ಲದಿದ್ದರೆ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ, ಸೆಲ್ಫ್ ಕೂಡ ಹೊಡೆಯುತ್ತಾ ಇರಬೇಡಿ. ಬೆಲ್ಟ್ ಜಾರಿದ್ದು ಮಾತ್ರವಾಗಿದ್ದರೆ ಎಂಜಿನ್ ಇನ್ನೂ ಉಳಿದಿರಬಹುದು; ಮತ್ತೆ ಮತ್ತೆ ತಿರುಗಿಸಿದಾಗ ವಾಲ್ವ್ ಬಾಗುತ್ತದೆ. ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ಬೇಗಬೇಗ ತಿರುಗಿದಂತೆ ಕೇಳಿದರೆ ಅದು ಬೆಲ್ಟ್ ಹೋದ ಗುರುತು. ಅಲ್ಲಿಗೇ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಳೆಸಿಕೊಂಡು ಹೋಗಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಸಹಾಯವಾಣಿ 1033, ಜನರಿಗೆ ಅಪಾಯವಿದ್ದರೆ 112.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಅನುಭವಿ ಮೆಕ್ಯಾನಿಕ್ ಬಗ್ಗೆ ಅನುಮಾನ ಪಡಬೇಕಿಲ್ಲ. ಆದರೆ ಈ ನಾಲ್ಕು ಮಾತು ಆಡಿದರೆ ಇಬ್ಬರಿಗೂ ಒಳ್ಳೆಯದು.

1. ಬೆಲ್ಟ್ ಮಾತ್ರ ಬದಲಿಸುತ್ತೀರೋ, ಟೆನ್ಷನರ್ ಬೇರಿಂಗ್ ಕೂಡ ಬದಲಿಸುತ್ತೀರೋ? ಬಿಚ್ಚುವ ಕೂಲಿ ಒಂದೇ. ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುವ ಎಂಜಿನ್ ಆಗಿದ್ದರೆ ಅದನ್ನೂ ಆಗಲೇ ನೋಡಿಸಿ.
2. ಆಯಿಲ್ ಸೀಲ್ ಸೋರುತ್ತಿದೆಯೇ? ಸೋರುತ್ತಿದ್ದರೆ ಹೊಸ ಬೆಲ್ಟ್ ಹಾಕುವ ಮೊದಲೇ ಸರಿಪಡಿಸಬೇಕು.
3. ಎಂಜಿನ್ ತಣ್ಣಗಾದ ಮೇಲೆ ಕೆಲಸ ಮಾಡಿ, ಕೈಯಿಂದ ಎರಡು ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಿದಿರಾ?
4. ಕವರ್ ಮತ್ತು ಅದರ ಎಲ್ಲ ಬೋಲ್ಟ್ ವಾಪಸ್ ಹಾಕಿದಿರಾ?

ಕೆಲಸ ಮುಗಿದ ಮೇಲೆ ದಿನಾಂಕ ಮತ್ತು ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ ಒಳಗೆ ಅಂಟಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದು, ಹಿಂದಿನವರ ಬಳಿ ಬಿಲ್ಲಿಲ್ಲ ಎಂದಾದರೆ ಬೆಲ್ಟ್ ಹಳೆಯದೆಂದೇ ತಿಳಿದು ಬದಲಿಸುವುದು ಕ್ಷೇಮ. ಬೆಲ್ಟ್ ಮತ್ತು ಬೇರಿಂಗಿನ ಖರ್ಚು, ಹೆಡ್ ಇಳಿಸಿ ವಾಲ್ವ್ ಹಾಕಿಸುವ ಖರ್ಚಿನ ಒಂದು ಸಣ್ಣ ಪಾಲು.

ನಿಮ್ಮ ಕಾರಿನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಎಂದು ಗೊತ್ತಿಲ್ಲದಿದ್ದರೆ ಮೊದಲು ಅದನ್ನೇ ಕೇಳಿ. ಮಾರುತಿಯ ಕೆ-ಸೀರೀಸ್ ಎಂಜಿನ್‌ಗಳು, ಸ್ವಿಫ್ಟ್‌ನ 1.3 ಡೀಸೆಲ್ ಚೈನಿನವು. ಚೈನಿಗೂ ಟೆನ್ಷನರ್ ಇದೆ, ಅದೂ ಸವೆಯುತ್ತದೆ. ಆಯಿಲ್ ಸಕಾಲಕ್ಕೆ ಬದಲಿಸದಿದ್ದರೆ ಬೇಗ ಸವೆಯುತ್ತದೆ.

ಫಾರ್ವರ್ಡ್ ಮಾಡುವ ಮೊದಲು

ಯಂತ್ರದ ಬಗ್ಗೆ ಬರುವ ಯಾವುದೇ ಸಲಹೆಗೆ ನಾಲ್ಕು ಪ್ರಶ್ನೆ ಹಾಕಿ. ಯಾವ ಗಾಡಿ? ಯಾವ ಭಾಗ? ಹೊಸದಕ್ಕೋ, ಓಡಿ ಹಳೆಯದಾದದ್ದಕ್ಕೋ? ಅಳತೆ ಎಷ್ಟು, ಅದನ್ನು ಕೊಟ್ಟವರು ಯಾರು? ಈ ನಾಲ್ಕಕ್ಕೂ ಉತ್ತರವಿಲ್ಲದ ಸಂದೇಶ ಒಂದು ಕಾರಿಗೆ ನಿಜವೇ ಆಗಿರಬಹುದು. ಆದರೆ ನಾಳೆ ಬೆಳಿಗ್ಗೆ ಅರಬೈಲು ಘಟ್ಟ ಇಳಿಯಬೇಕಿರುವ ನಿಮ್ಮ ನೆಂಟರ ಓಮ್ನಿಗೆ ಅದು ನಿಜ ಎಂದು ನೀವು ಹೇಳಲಾರಿರಿ. ಬಿಗಿ ಮಾಡಿ ಎಂಬ ಫಾರ್ವರ್ಡಿನ ಬದಲು, ನಿಮ್ಮ ಗಾಡಿಯ ಬೆಲ್ಟ್ ಬದಲಿಸಿದ್ದು ಯಾವ ವರ್ಷ ಎಂಬ ಒಂದೇ ಪ್ರಶ್ನೆಯನ್ನು ಅವರಿಗೆ ಕಳಿಸಿ.